ನೋಯುವ ಕಾಲಿಗೆ ಗಟ್ಟಿ ನೆಲ: ಮನೆಯಲ್ಲಿ, ಬಸದಿಯಲ್ಲಿ ಮಾಡಿಕೊಳ್ಳಬಹುದಾದ ಅನುಕೂಲಗಳು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಜೈನ ಮನೆತನಗಳಲ್ಲಿ ಹಿರಿಯರ ದಿನ ಬರಿಗಾಲಿನಲ್ಲಿ ಆರಂಭವಾಗಿ ಬರಿಗಾಲಿನಲ್ಲೇ ಮುಗಿಯುತ್ತದೆ. ಬೆಳಿಗ್ಗೆ ಸ್ನಾನ, ಬಸದಿಯಲ್ಲಿ ದರ್ಶನ, ಅಭಿಷೇಕ, ಪೂಜೆ. ಮನೆಗೆ ಬಂದು ಅಡುಗೆ. ಮಧ್ಯಾಹ್ನ ನೆಲದ ಮೇಲೆ ಕುಳಿತು ಸ್ವಾಧ್ಯಾಯ. ಸೂರ್ಯಾಸ್ತದ ಒಳಗೆ ಊಟ, ಆಮೇಲೆ ಆರತಿ, ಸಾಮಾಯಿಕ. ಇಷ್ಟರಲ್ಲಿ ಕಾಲಿಗೆ ಚಪ್ಪಲಿ ಇರುವುದು ಬೀದಿಯಲ್ಲಿ ನಡೆಯುವಷ್ಟು ಹೊತ್ತು ಮಾತ್ರ. ಉಳಿದದ್ದೆಲ್ಲ ಫರಸಿ, ಟೈಲ್ಸ್, ಗ್ರಾನೈಟ್ ನೆಲದ ಮೇಲೆ.

ಕಾಲು ನೋವು ಶುರುವಾದಾಗ ಹಿರಿಯರು ಕೂಡಲೇ ಹೇಳುವುದಿಲ್ಲ. ಮೊದಲು ಪೂಜೆಯಲ್ಲಿ ಮುಂದಿನ ಸಾಲು ಬಿಟ್ಟು ಕಂಬಕ್ಕೆ ಒರಗಿ ಕೂರುತ್ತಾರೆ. ಆಮೇಲೆ ಪ್ರವಚನ ಮುಗಿಯುವ ಮೊದಲೇ ಎದ್ದು ಬರುತ್ತಾರೆ. ದಶಲಕ್ಷಣ ಪರ್ವದ ಹತ್ತೂ ದಿನ ಬರುತ್ತಿದ್ದವರು ಅನಂತ ಚತುರ್ದಶಿಗೆ ಒಂದು ದಿನ ಬಂದು ಹೋಗುತ್ತಾರೆ. ಕೊನೆಗೆ "ನಾ ಮನ್ಯಾಗ ಕುಂತ ಮಾಡ್ತೇನಿ, ನೀವು ಹೋಗಿ ಬರ್ರಿ" ಎಂಬ ಮಾತು ಬರುತ್ತದೆ. ಮನೆಯವರು ಇದನ್ನು ವಯಸ್ಸಿನ ಸಹಜ ಸ್ಥಿತಿ ಎಂದುಕೊಳ್ಳುತ್ತಾರೆ. ಹಲವು ಸಲ ಅವರನ್ನು ತಡೆದದ್ದು ವಯಸ್ಸಲ್ಲ, ನೆಲ. ನೆಲಕ್ಕೆ ಮಾಡಬಹುದಾದ ಅನುಕೂಲಗಳು ದೊಡ್ಡ ಖರ್ಚಿನವೂ ಅಲ್ಲ. ಅವುಗಳ ವಿವರ ಇಲ್ಲಿದೆ.

ನೆಲ ಬದಲಾದ ಬಗೆ

ಈ ಭಾಗದ ಹಳೆಯ ಮನೆಗಳಲ್ಲಿ ಮಣ್ಣು ಬಡಿದು, ಸಗಣಿ ಸಾರಿಸಿದ ನೆಲ ಇರುತ್ತಿತ್ತು. ಅದಕ್ಕೆ ಸ್ವಲ್ಪ ಮೆದುತನ ಇತ್ತು, ಕಾಲಿಗೆ ಅಷ್ಟು ತಣ್ಣಗೂ ಹತ್ತುತ್ತಿರಲಿಲ್ಲ. ನಂತರ ಶಹಾಬಾದ್ ಫರಸಿ, ಕಡಪ ಕಲ್ಲು, ಕೆಂಪು ಸಿಮೆಂಟಿನ ನೆಲ ಬಂದವು. ಈಗ ಹೊಸ ಮನೆ ಕಟ್ಟುವವರು ವಿಟ್ರಿಫೈಡ್ ಟೈಲ್ಸ್ ಇಲ್ಲವೆ ಗ್ರಾನೈಟ್ ಹಾಕಿಸುತ್ತಾರೆ. ನೋಡಲು ಚೆಂದ, ಒರೆಸಲು ಸುಲಭ. ಆದರೆ ಇವು ಸ್ವಲ್ಪವೂ ಬಗ್ಗುವುದಿಲ್ಲ. ಮೇಲೆ ನೀರು ಬಿದ್ದರೆ ನುಣುಪು ಟೈಲ್ಸ್ ಜಾರುತ್ತದೆ.

ಬಸದಿಗಳ ನೆಲವೂ ಹೀಗೆಯೇ. ಹಳೆಯ ಬಸದಿಗಳಲ್ಲಿ ಕಲ್ಲು ಚಪ್ಪಡಿ, ಜೀರ್ಣೋದ್ಧಾರ ಆದಲ್ಲಿ ಗ್ರಾನೈಟ್ ಅಥವಾ ಅಮೃತಶಿಲೆ. ಚಪ್ಪಡಿಗೆ ಒರಟುತನ ಇರುವುದರಿಂದ ಕಾಲು ನಿಲ್ಲುತ್ತದೆ. ನಯಗೊಳಿಸಿದ ಕಲ್ಲಿನ ಮೇಲೆ ಅಭಿಷೇಕದ ನೀರು, ಹಾಲು, ಎಳನೀರು ಬಿದ್ದರೆ ಹಿರಿಯರಿಗೆ ಅಪಾಯ.

ಗಟ್ಟಿ ನೆಲ ಏಕೆ ನೋಯಿಸುತ್ತದೆ

ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಒಂದು, ಹಿಮ್ಮಡಿಯ ಕೆಳಗೆ ನಿಸರ್ಗವೇ ಇಟ್ಟ ಕೊಬ್ಬಿನ ಮೆತ್ತೆ ಇದೆ. ವಯಸ್ಸಾದಂತೆ ಅದು ತೆಳುವಾಗಿ, ಪುಟಿಯುವ ಗುಣ ಕಡಿಮೆಯಾಗುತ್ತದೆ. ಆಗ ಹೆಜ್ಜೆ ಊರಿದ ಪೆಟ್ಟು ಎಲುಬಿಗೆ ತಾಗುತ್ತದೆ.

ಎರಡು, ನಿಂತಲ್ಲೇ ನಿಲ್ಲುವುದು. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಸಡಿಲಾಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಲೆಯ ಮುಂದೆ ಒಂದೇ ಕಡೆ ನಿಂತರೆ ಆ ಕೆಲಸ ನಡೆಯುವುದಿಲ್ಲ. ಕಾಲು ಬಾಯುತ್ತದೆ, ಜಗ್ಗುತ್ತದೆ.

ಮೂರು, ಮಡಚುವುದು. ಚಕ್ಕಳಮಕ್ಕಳ ಹಾಕಿ ಕೂತಾಗ, ಕುಕ್ಕರುಗಾಲಲ್ಲಿ ಕೂತಾಗ ಮೊಣಕಾಲಿನ ಚಿಪ್ಪಿನ ಹಿಂದಿನ ಒತ್ತಡ ಹೆಚ್ಚುತ್ತದೆ. ಕುಳಿತಿರುವುದಕ್ಕಿಂತ ಅಲ್ಲಿಂದ ಏಳುವುದೇ ಹೆಚ್ಚು ನೋವು.

ನಾಲ್ಕು, ತಂಪು. ಕಲ್ಲು ಮತ್ತು ಮನೆಯ ಗಾಳಿ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ ಇದ್ದರೂ, ಕಲ್ಲು ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಹತ್ತಿ ಬಟ್ಟೆ, ಚಾಪೆ, ರಬ್ಬರ್ ನಿಧಾನವಾಗಿ ಎಳೆಯುತ್ತವೆ. ಆದ್ದರಿಂದ ತೆಳುವಾದ ಹಾಸು ಕೂಡ ತಂಪನ್ನು ತಡೆಯುತ್ತದೆ. ಪೆಟ್ಟನ್ನು ತಡೆಯಲು ಮಾತ್ರ ದಪ್ಪ ಬೇಕು.

ಮೊದಲು ನೋವು ಯಾವುದೆಂದು ತಿಳಿಯಬೇಕು

"ಕಾಲು ನೋವು" ಎಂಬ ಒಂದೇ ಮಾತಿನ ಒಳಗೆ ಹಲವು ನೋವುಗಳಿವೆ. ಒಂದಕ್ಕೆ ಒಳ್ಳೆಯದಾದ ಹಾಸು ಇನ್ನೊಂದಕ್ಕೆ ಕೆಡುಕಾಗಬಹುದು. ಹಾಸು ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋವು ಎಲ್ಲಿ, ಯಾವಾಗ, ಏನು ಮಾಡಿದರೆ ಹೆಚ್ಚು ಎಂದು ಕೇಳಬೇಕು.

• ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾದರೆ, ಅದು ಸಾಮಾನ್ಯವಾಗಿ ಅಂಗಾಲಿನ ತಂತುವಿನ ಬಾವು. ಇಂಥವರಿಗೆ ಮೆತ್ತನೆಯ ಹಾಸು ಹಾಗೂ ಮನೆಯೊಳಗಿನ ಚಪ್ಪಲಿಯಿಂದ ಬಹಳ ಅನುಕೂಲ.

• ಮೆಟ್ಟಿಲು ಏರಿಳಿಯುವಾಗ, ನೆಲದಿಂದ ಏಳುವಾಗ ಮೊಣಕಾಲು ನೊಂದರೆ, ಕಟಕಟ ಸದ್ದು ಬಂದರೆ, ಕೀಲಿನ ಸವೆತ ಇರಬಹುದು. ಇಂಥವರಿಗೆ ಹಾಸಿಗಿಂತ ಕೂರುವ ಎತ್ತರ ಮುಖ್ಯ.

• ಅಂಗಾಲು ಉರಿ, ಜೋಮು, ಹತ್ತಿಯ ಮೇಲೆ ನಡೆದಂತೆ ಅನಿಸುವುದು ಸಕ್ಕರೆ ಕಾಯಿಲೆ ಇರುವವರಲ್ಲಿ ಸಾಮಾನ್ಯ. ಇವರಿಗೆ ಬಹಳ ಮೆತ್ತನೆಯ ಹಾಸು ಬೇಡ. ನೆಲ ಎಲ್ಲಿದೆ ಎಂಬ ಅರಿವು ಮೊದಲೇ ಕಡಿಮೆ, ಮೆತ್ತನೆಯ ಹಾಸಿನ ಮೇಲೆ ತೂಕ ತಪ್ಪುತ್ತದೆ.

• ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಟ್ಟುಹೋಗುವುದು ರಕ್ತನಾಳ ಕಿರಿದಾದ ಲಕ್ಷಣ ಇರಬಹುದು. ಸೊಂಟದಿಂದ ಕಾಲಿನವರೆಗೆ ಎಳೆಯುವ ನೋವು ಬೆನ್ನಿನ ನರದ್ದು ಇರಬಹುದು. ಇವೆರಡೂ ನೆಲದಿಂದ ಬಂದ ನೋವಲ್ಲ. ಇವಕ್ಕೆ ವೈದ್ಯರ ತಪಾಸಣೆಯೇ ಬೇಕು.

ಹಾಸಿನ ಆಯ್ಕೆ

ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬ ತಿಳಿವಳಿಕೆ ತಪ್ಪು. ಹಾಸಿನಲ್ಲಿ ಮೂರು ಗುಣ ನೋಡಬೇಕು: ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರಬೇಕು, ನೆಲದ ಮೇಲೆ ಜಾರಬಾರದು, ಅಂಚು ಕಾಲಿಗೆ ಎಡವಬಾರದು.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಹಾಸನ್ನು ಗಟ್ಟಿ ನೆಲದ ಮೇಲೆ ಹಾಕಿಸಿ ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು. ಬೆರಳಿಗೆ ಕೆಳಗಿನ ನೆಲ ತಾಗಿದರೆ ಅದು ಕಾಲಿನ ತೂಕ ತಡೆಯುವುದಿಲ್ಲ. ಒತ್ತಿದ ಗುಳಿ ಹಾಗೆಯೇ ಉಳಿದರೆ ಬೇಗ ಕೆಡುತ್ತದೆ. ಆಮೇಲೆ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು, ಒಂದು ಕಾಲು ಸ್ವಲ್ಪ ಎತ್ತಿ ನೋಡಬೇಕು. ಮೈ ತೂಗಾಡಿದರೆ ಹಿರಿಯರಿಗೆ ಅದು ಬೇಡ. ಕೊನೆಗೆ ಅಂಚನ್ನು ಹಿಡಿದು ಅಡ್ಡಕ್ಕೆ ಎಳೆಯಬೇಕು. ಸರಿದರೆ ಅಡಿಯಲ್ಲಿ ಜಾರದಂತೆ ತಡೆಯುವ ರಬ್ಬರ್ ಜಾಳಿಗೆ ಹಾಕಲೇಬೇಕು.

ಕೌದಿ: ಹಳೆಯ ಸೀರೆ, ಧೋತರ ಕೂಡಿಸಿ ಹೊಲಿದ ಕೌದಿ ನಮ್ಮ ಭಾಗದ ಪ್ರತಿ ಮನೆಯಲ್ಲೂ ಇದೆ. ನಾಲ್ಕು ಮಡಿಕೆ ಮಾಡಿದರೆ ಕೂರಲು ಬಹಳ ಒಳ್ಳೆಯದು. ಶುದ್ಧ ಹತ್ತಿಯದು, ತೊಳೆಯಲು ಬರುತ್ತದೆ. ಆದರೆ ನಡೆಯುವ ದಾರಿಯಲ್ಲಿ ಹಾಸಬಾರದು. ಟೈಲ್ಸ್ ಮೇಲೆ ಕೌದಿ ಹಾವಿನಂತೆ ಸರಿಯುತ್ತದೆ.

ಜಮಖಾನೆ, ಗುಡಾರ: ತಂಪು ತಡೆಯುತ್ತವೆ, ಪೆಟ್ಟು ತಡೆಯುವುದಿಲ್ಲ. ನವಲಗುಂದದ ಜಮಖಾನೆಯಂಥ ದಪ್ಪ ಹತ್ತಿ ನೇಯ್ಗೆ ಬಸದಿಯಲ್ಲಿ ಹತ್ತು ಜನ ಕೂರಲು ಸರಿ. ಮೊಣಕಾಲು ನೋವಿನವರಿಗೆ ಅದರ ಮೇಲೆ ಇನ್ನೊಂದು ಮಡಿಕೆ ಬೇಕು.

ಯೋಗ ಮ್ಯಾಟ್: ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ದಪ್ಪ. ಜಾರುವುದಿಲ್ಲ. ಕೌದಿಯ ಕೆಳಗೆ ಹಾಸಲು ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ.

ಫೋಮ್ ಮತ್ತು ರಬ್ಬರ್ ಹಾಸು: ನಿಂತು ಕೆಲಸ ಮಾಡುವ ಕಡೆ 12ರಿಂದ 20 ಮಿಲಿಮೀಟರ್ ದಪ್ಪದ, ಅಂಚು ಇಳಿಜಾರಾಗಿರುವ ಒಂದೇ ತುಂಡಿನ ಹಾಸು ಒಳ್ಳೆಯದು. ಮಕ್ಕಳ ಆಟಕ್ಕೆ ಬರುವ, ಒಂದಕ್ಕೊಂದು ಸಿಕ್ಕಿಸುವ ಚೌಕಗಳು ಅಗ್ಗ. ಆದರೆ ಅವುಗಳ ಸಂದಿಯಲ್ಲಿ ಅನ್ನದ ಅಗುಳು, ಸಕ್ಕರೆ ಸೇರಿ ಇರುವೆ ಬರುತ್ತವೆ. ಅಡುಗೆಮನೆಗೆ ಅವು ಬೇಡ.

ತೆಂಗಿನ ನಾರಿನ ಹಾಸು: ಬಾಗಿಲಲ್ಲಿ, ಅಂಗಳದಲ್ಲಿ ಸರಿ. ಸಕ್ಕರೆ ಕಾಯಿಲೆಯವರ ಬರಿಗಾಲಿಗೆ ಒಳಗೆ ಬೇಡ, ಚರ್ಮ ಕೆರೆಯುತ್ತದೆ.

ಹಾಸಿನ ಬಣ್ಣ ನೆಲದ ಬಣ್ಣಕ್ಕಿಂತ ಬೇರೆ ಇರಲಿ. ಕಣ್ಣು ಮಂಜಾದವರಿಗೆ ಬಿಳಿ ಟೈಲ್ಸ್ ಮೇಲೆ ಬಿಳಿ ಹಾಸು ಕಾಣುವುದಿಲ್ಲ. ರೇಷ್ಮೆ, ಚರ್ಮದ ವಸ್ತುಗಳನ್ನು ಶ್ರಾವಕರು ಬಿಡುವುದರಿಂದ, ಗಾದಿಯ ಹೊದಿಕೆ, ಕೂರುವ ದಿಂಬು ಕೊಳ್ಳುವಾಗ ಯಾವುದರಿಂದ ಮಾಡಿದ್ದು ಎಂದು ಕೇಳಿ ಕೊಳ್ಳಬೇಕು. ಹತ್ತಿ, ತೆಂಗಿನ ನಾರು, ಗಿಡದ ರಬ್ಬರ್, ಫೋಮ್ ಎಲ್ಲವೂ ಸುಲಭವಾಗಿ ಸಿಗುತ್ತವೆ.

ಅಡುಗೆಮನೆ ಮತ್ತು ಚೌಕಾ

ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುವವರು ಮನೆಯ ಹೆಣ್ಣುಮಕ್ಕಳು. ಅವರ ಕಾಲು ನೋವಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮುನಿಗಳ, ಆರ್ಯಿಕೆಯರ ವಿಹಾರದ ಕಾಲದಲ್ಲಿ ಚೌಕಾ ಹಾಕಿದ ಮನೆಯಲ್ಲಿ ನಸುಕಿನಿಂದಲೇ ನೀರು ಸೋಸುವುದು, ಬೀಸುವುದು, ಅಡುಗೆ, ಪಡಗಾಹನೆಗೆ ಬಾಗಿಲಲ್ಲಿ ನಿಲ್ಲುವುದು, ಆಹಾರ ಮುಗಿಯುವ ತನಕ ನಿಲ್ಲುವುದು ಎಲ್ಲ ಸೇರಿ ಕಾಲಿಗೆ ಬಿಡುವೇ ಇಲ್ಲ. ಚೌಕಾದಲ್ಲಿ ಚಪ್ಪಲಿ ಇಲ್ಲ, ಹೊರಗಿನ ಹಾಸೂ ಸಲ್ಲದು.

ಇದಕ್ಕೆ ದಾರಿ ಇದೆ. ಚೌಕಾಗೆಂದೇ ಬೇರೆ ಹತ್ತಿಯ ಹಾಸು ಇಟ್ಟುಕೊಂಡು, ಮಡಿಬಟ್ಟೆಯಂತೆ ತೊಳೆದು ಒಣಗಿಸಿ ಬಳಸಬಹುದು. ತೊಳೆದ ದಪ್ಪ ಹತ್ತಿ ಬಟ್ಟೆಯನ್ನು ನಾಲ್ಕು ಪದರ ಮಾಡಿ, ನಾಲ್ಕೂ ಅಂಚು ಹೊಲಿದರೆ ಸಾಕು. ತರಕಾರಿ ಹೆಚ್ಚುವುದು, ಕಾಳು ಆರಿಸುವುದು, ಹಿಟ್ಟು ನಾದುವುದನ್ನು ಎತ್ತರದ ಸ್ಟೂಲಿನ ಮೇಲೆ ಕುಳಿತು ಮಾಡಬಹುದು. ನಿಂತೇ ಮಾಡುವ ಕೆಲಸದಲ್ಲಿ ಒಂದು ಸಣ್ಣ ಮಣೆಯನ್ನು ಕಾಲಬಳಿ ಇಟ್ಟು, ಒಂದು ಪಾದವನ್ನು ಅದರ ಮೇಲಿಟ್ಟು, ಸ್ವಲ್ಪ ಹೊತ್ತಿಗೊಮ್ಮೆ ಕಾಲು ಬದಲಿಸಿದರೆ ಸೊಂಟಕ್ಕೂ ಕಾಲಿಗೂ ಬಿಡುವು ಸಿಗುತ್ತದೆ. ಅರ್ಧ ತಾಸಿಗೊಮ್ಮೆ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಮೀನಖಂಡ ಸಡಿಲಾಗುತ್ತದೆ. ಒಬ್ಬರೇ ನಿಲ್ಲುವ ಬದಲು ಸರದಿ ಹಚ್ಚಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಹಾಸು.

ನೀರು ಬೀಳುವ ಕಟ್ಟೆಯ ಮುಂದೆ ಬಟ್ಟೆಯ ಹಾಸು ಬೇಡ. ಅಲ್ಲಿ ರಂಧ್ರವಿರುವ ರಬ್ಬರ್ ಹಾಸು ಇಡಬೇಕು.

ಕೂರುವುದು, ಏಳುವುದು

ನೆಲದ ಮೇಲೆ ಕೂರುವುದನ್ನು ಬಿಡಲು ಮನಸ್ಸಿಲ್ಲದವರು ಕೂರುವ ಜಾಗವನ್ನು ಎತ್ತರಿಸಿಕೊಳ್ಳಬೇಕು. ಬಿಗಿಯಾದ ದಿಂಬು ಅಥವಾ ಮಡಿಸಿದ ಕೌದಿಯನ್ನು 4ರಿಂದ 6 ಅಂಗುಲ ಎತ್ತರ ಮಾಡಿ ಅದರ ಮೇಲೆ ಕುಳಿತರೆ, ಮೊಣಕಾಲು ಸೊಂಟಕ್ಕಿಂತ ಕೆಳಗೆ ಬರುತ್ತದೆ, ಮಡಚುವ ಒತ್ತಡ ಕಡಿಮೆಯಾಗುತ್ತದೆ. ಮೊಣಕಾಲಿನ ಕೆಳಗೆ ಎರಡೂ ಬದಿಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಬಹುದು. ಕಾಲಗಂಟಿನ ಎಲುಬು ನೆಲಕ್ಕೆ ಒತ್ತುವವರು ಅದರ ಕೆಳಗೂ ಮಡಿಕೆ ಬಟ್ಟೆ ಹಾಕಿಕೊಳ್ಳಬೇಕು.

ಏಳುವ ಕ್ರಮ ಹೀಗೆ: ಮೊದಲು ಒಂದು ಬದಿಗೆ ತಿರುಗಿ ಎರಡೂ ಕೈ ನೆಲಕ್ಕೆ ಊರಬೇಕು. ಮೊಣಕಾಲಿನ ಕೆಳಗೆ ಮೆತ್ತನೆಯದು ಇರಲಿ. ಮುಂದೆ ಗಟ್ಟಿ ಕುರ್ಚಿ ಇಟ್ಟುಕೊಂಡು ಅದರ ಮೇಲೆ ಕೈ ಊರಿ, ಬಲವಿರುವ ಕಾಲನ್ನು ಮೊದಲು ಮುಂದಿಟ್ಟು ಏಳಬೇಕು. ಮಕ್ಕಳು ತೋಳು ಹಿಡಿದು ಮೇಲಕ್ಕೆ ಜಗ್ಗಬಾರದು, ಹೆಗಲು ನೋಯುತ್ತದೆ.

ಕುರ್ಚಿ ಬೇಕಾದವರಿಗೆ ಅದರ ಎತ್ತರ ಮೊಣಕಾಲಿನ ಹಿಂದಿನ ಮಡಿಕೆಯಷ್ಟಿರಬೇಕು, ಕೈ ಊರಲು ತೋಳು ಇರಬೇಕು. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಹಿಂದಕ್ಕೆ ಸರಿಯುತ್ತದೆ. ಅದರ ಕಾಲಿಗೆ ರಬ್ಬರ್ ಟೊಪ್ಪಿಗೆ ಹಾಕಬೇಕು. ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆ ಆದವರು ನೆಲದ ಮೇಲೆ ಕೂರುವ ಮೊದಲು ತಮ್ಮ ಶಸ್ತ್ರವೈದ್ಯರನ್ನು ಕೇಳಲೇಬೇಕು.

ಮಲಗುವ ಜಾಗ, ಬಚ್ಚಲು

ನೆಲದ ಮೇಲೆ ತೆಳು ಚಾಪೆಯಲ್ಲಿ ಮಲಗುವ ನಿಯಮ ಇರುವವರು ಹತ್ತಿಯ ಗಾದಿಗೆ ಬರಲು ಒಪ್ಪದಿದ್ದರೆ, ಚಾಪೆಯ ಕೆಳಗೆ ಯೋಗ ಮ್ಯಾಟ್, ಮೇಲೆ ಕೌದಿ ಹಾಕಬಹುದು. ಮಗ್ಗುಲಾಗಿ ಮಲಗುವವರು ಎರಡು ಮೊಣಕಾಲಿನ ನಡುವೆ ದಿಂಬು ಇಟ್ಟುಕೊಂಡರೆ ಸೊಂಟಕ್ಕೆ ಹಿತ. ಹಳೆಯ ಗಾದಿಯ ಹತ್ತಿ ಗಂಟು ಕಟ್ಟಿದ್ದರೆ ಹತ್ತಿ ಹಿಂಜಿ ಗಾದಿ ಹೊಲಿಯುವವರಿಂದ ಸರಿ ಮಾಡಿಸಬೇಕು. ಗಂಟು ಗಾದಿ ಬರಿ ನೆಲಕ್ಕಿಂತ ಕೆಟ್ಟದ್ದು.

ರಾತ್ರಿ ಏಳುವ ದಾರಿಯಲ್ಲಿ ಸಣ್ಣ ದೀಪ ಇರಲಿ. ಹಾಸಿಗೆಯಿಂದ ಬಚ್ಚಲಿನವರೆಗೆ ಬಿಡಿ ಹಾಸು ಒಂದೂ ಇರಬಾರದು. ಇಲ್ಲಿ ಮೆತ್ತನೆಗಿಂತ ಹಿಡಿತ ಮುಖ್ಯ. ಬಚ್ಚಲಿನಲ್ಲಿ ಜಾರದ ರಬ್ಬರ್ ಹಾಸು, ಗೋಡೆಗೆ ಹಿಡಿಕೆ, ಸ್ನಾನಕ್ಕೆ ಕೂರಲು ಎತ್ತರದ ಸ್ಟೂಲು ಈ ಮೂರು ಇದ್ದರೆ ದೊಡ್ಡ ಅಪಾಯ ತಪ್ಪುತ್ತದೆ. ವಯಸ್ಸಾದವರಿಗೆ ತೊಡೆಯ ಎಲುಬು ಮುರಿದರೆ ಆಮೇಲೆ ಮೊದಲಿನಂತೆ ಓಡಾಡುವುದು ಬಹಳ ಕಷ್ಟ. ಕಾಲಿಗೆ ಹಿತವಾಗಲೆಂದು ಹಾಸಿದ ಹಾಸಿಗೆ ಎಡವಿ ಬೀಳುವಂತಾಗಬಾರದು.

ಬಸದಿಯಲ್ಲಿ

ಸಾಮಾಯಿಕದ ಕಾಲ ಒಂದು ಮುಹೂರ್ತ, ಅಂದರೆ 48 ನಿಮಿಷ. ಇಷ್ಟು ಹೊತ್ತು ಕಲ್ಲಿನ ಮೇಲೆ ಒಂದೇ ಆಸನದಲ್ಲಿ ಕೂರುವುದು ನೋವಿರುವವರಿಗೆ ಸುಲಭವಲ್ಲ. ಪದ್ಮಾಸನವೇ ಆಗಬೇಕೆಂದಿಲ್ಲ, ಸುಖಾಸನದಲ್ಲಿ ಕೂರಬಹುದು. ಕಾಯೋತ್ಸರ್ಗವನ್ನು ನಿಂತು ಮಾಡುವಂತೆ ಕುಳಿತೂ ಮಾಡುವ ಪದ್ಧತಿ ಇದೆ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂದು ಎರಡು ಭಾವನೆಗಳೇ ಇವೆ. ತ್ಯಾಗವಾಗಲಿ ತಪವಾಗಲಿ ತನ್ನ ಶಕ್ತಿಗೆ ತಕ್ಕಂತೆ ಎಂಬುದು ಅದರ ಅರ್ಥ. ಕುರ್ಚಿಯ ಮೇಲೆ ಕುಳಿತು ಪೂಜೆ ನೋಡುವ ಅಜ್ಜಿಗೆ ಸಂಕೋಚ ಬೇಡ, ಅವರನ್ನು ನೋಡುವವರಿಗೂ ಬೇರೆ ಭಾವನೆ ಬೇಡ.

ಬಸದಿಯ ಸಮಿತಿಯವರು ಮಾಡಬಹುದಾದ ಕೆಲವು ಕೆಲಸಗಳು ಇಲ್ಲಿವೆ:

• ಗೋಡೆಯ ಬದಿಗೆ ನಾಲ್ಕಾರು ತೋಳಿರುವ ಕುರ್ಚಿ ಅಥವಾ ಒಂದು ಉದ್ದದ ಬೆಂಚು ಕಾಯಂ ಆಗಿ ಇಡುವುದು. ವೇದಿಕೆಗಿಂತ ಎತ್ತರ ಆಗದಂತೆ, ಹಿಂದಿನ ಸಾಲಿನಲ್ಲಿ ಅಥವಾ ಮಗ್ಗುಲಲ್ಲಿ ಇಟ್ಟರೆ ವಿನಯಕ್ಕೂ ಕೊರತೆ ಇಲ್ಲ. ಕೇಳಿದಾಗ ತಂದುಕೊಡುವುದಕ್ಕಿಂತ ಮೊದಲೇ ಇಡುವುದು ಒಳ್ಳೆಯದು, ಏಕೆಂದರೆ ಹಿರಿಯರು ಕೇಳುವುದಿಲ್ಲ.

• ಕಾಲು ಚಾಚಿ ಕೂರಲೇಬೇಕಾದವರಿಗೆ ಭಗವಂತರ ಎದುರಿಗೆ ಕಾಲು ಚಾಚಲು ಮನಸ್ಸು ಬರುವುದಿಲ್ಲ. ಅವರಿಗೆ ಮಗ್ಗುಲ ಗೋಡೆಗೆ ಒರಗಿ, ಕಾಲು ಅಡ್ಡಕ್ಕೆ ಬರುವಂತೆ ಜಾಗ ಬಿಡಬೇಕು.

• ಅಭಿಷೇಕ ಮುಗಿದ ಕೂಡಲೇ ನೆಲ ಒರೆಸಿ ಒಣಗಿಸಬೇಕು. ಗಂಧೋದಕ ತೆಗೆದುಕೊಳ್ಳುವ ಜಾಗದಲ್ಲಿ ಜಾರದ ಹಾಸು ಇರಲಿ.

• ಅಂಗಳದ ಕಲ್ಲು ಏಪ್ರಿಲ್, ಮೇ ತಿಂಗಳಲ್ಲಿ ಸುಡುತ್ತದೆ. ಮಹಾವೀರ ಜಯಂತಿ, ಅಕ್ಷಯ ತೃತೀಯ ಬರುವುದು ಬಿಸಿಲಿನ ದಿನಗಳಲ್ಲೇ. ಬಾಗಿಲಿನಿಂದ ಗರ್ಭಗೃಹದವರೆಗೆ ನೀರು ಚಿಮುಕಿಸಿದ ನಾರಿನ ಹಾಸು ಅಥವಾ ಬಿಸಿಲು ಹಿಡಿಯದ ಬಿಳಿ ಬಣ್ಣದ ಪಟ್ಟಿ ಮಾಡಬಹುದು. ಜೋಮು ಹಿಡಿದ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ಮನೆಗೆ ಬಂದ ಮೇಲೆ ಬೊಬ್ಬೆ ಕಾಣುತ್ತದೆ.

• ಮೆಟ್ಟಿಲಿಗೆ ಒಂದು ಬದಿಯಾದರೂ ಹಿಡಿಕೆ ಹಾಕಿಸಬೇಕು.

ಹತ್ತಿಯ ಕಾಲುಚೀಲ ತಂಪು ಮತ್ತು ಬಿಸಿ ಎರಡನ್ನೂ ತಡೆಯುತ್ತದೆ. ಆದರೆ ನಯ ಕಲ್ಲಿನ ಮೇಲೆ ಜಾರುತ್ತದೆ. ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಕಾಲುಚೀಲ ಸಿಗುತ್ತದೆ, ಅದನ್ನೇ ಕೊಳ್ಳಬೇಕು. ಒಳಗೆ ಹಾಕಿಕೊಳ್ಳಬಹುದೇ ಎಂಬುದನ್ನು ಆಯಾ ಬಸದಿಯ ಪದ್ಧತಿಯಂತೆ ಕೇಳಿಕೊಳ್ಳಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು. ಅಲ್ಲಿ ಬಿಸಿಲಿಗೆ ಕಾಲುಚೀಲ ಹಾಕಿಕೊಳ್ಳುವವರು ಬಹಳ, ಹತ್ತಲಾಗದವರಿಗೆ ಡೋಲಿ ಇದೆ. ಯಾತ್ರೆಗೆ ಹೊರಟವರು ಬೆಳಗಿನ ತಂಪಿನಲ್ಲೇ ಹತ್ತಿ ಇಳಿಯುವಂತೆ ಹೊಂದಿಸಿಕೊಂಡರೆ ಪಾದಕ್ಕೆ ಹಿತ.

ಹಾಸು ಮತ್ತು ಜೀವದಯೆ

ನೆಲಕ್ಕೆ ಹಾಸು ಹಾಕಿದ ಮೇಲೆ ಅದರ ಕೆಳಗೆ ಏನಿದೆ ಎಂಬುದು ಕಾಣುವುದಿಲ್ಲ. ಹಾನಗಲ್, ಹಿರೇಕೆರೂರು ಕಡೆ ಮಲೆನಾಡಿನ ಸೆರಗು, ಮಳೆ ಹೆಚ್ಚು. ಚಾತುರ್ಮಾಸದಲ್ಲಿ ಫರಸಿ ಬೆವರುತ್ತದೆ. ರಬ್ಬರ್ ಹಾಸಿನ ಕೆಳಗೆ ನೀರು ನಿಂತು ಬೂಷ್ಟು ಬರುತ್ತದೆ, ಸಣ್ಣ ಜೀವಗಳು ಸೇರುತ್ತವೆ. ಆಮೇಲೆ ಅದನ್ನು ಎತ್ತಿದರೂ ಹಿಂಸೆ, ತೊಳೆದರೂ ಹಿಂಸೆ. ಮೊದಲೇ ಸೇರದಂತೆ ನೋಡಿಕೊಳ್ಳುವುದೇ ದಾರಿ.

ಅದಕ್ಕಾಗಿ ಹಾಸು ದೊಡ್ಡದಾಗಿ ಇಡೀ ಕೋಣೆಗೆ ಬೇಡ. ಒಬ್ಬರು ಎತ್ತುವಷ್ಟು ಸಣ್ಣದಿರಲಿ. ಪ್ರತಿದಿನ ಒಂದು ಸಲ ನಿಧಾನವಾಗಿ ಎತ್ತಿ, ಕೆಳಗೆ ಮೆತ್ತನೆಯ ಪೊರಕೆಯಿಂದ ಗುಡಿಸಿ, ನೆಲ ಪೂರ್ತಿ ಒಣಗಿದ ಮೇಲೆ ಮತ್ತೆ ಹಾಕಬೇಕು. ಎತ್ತಿ ಬಡಿಯುವುದು ಬೇಡ, ಮೊದಲು ನೋಡಿ ಆಮೇಲೆ ಕೊಡವಬೇಕು. ಮಳೆಗಾಲದಲ್ಲಿ ರಾತ್ರಿ ಹಾಸನ್ನು ಎತ್ತಿ ಹಗ್ಗದ ಮೇಲೆ ಹಾಕಿದರೆ ಗಾಳಿ ಆಡುತ್ತದೆ. ದಪ್ಪ ಕೂದಲಿನ ರತ್ನಗಂಬಳಿಯಲ್ಲಿ ಜೀವ ಸಿಕ್ಕಿಕೊಂಡರೆ ಕಾಣುವುದಿಲ್ಲ, ಆದ್ದರಿಂದ ನೇಯ್ಗೆ ನುಣುಪಾಗಿರುವ ಹಾಸೇ ನಮಗೆ ಸರಿ.

ಈರ್ಯಾ ಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲ ನೋಡಿ ನಡೆಯಬೇಕೆಂದು ಹೇಳಿದೆ. ಜೀವರಕ್ಷೆಗೆ ಹೇಳಿದ ಈ ಮಾತು ಎಡವಿ ಬೀಳದಂತೆ ಹಿರಿಯರನ್ನೂ ಕಾಯುತ್ತದೆ.

ಮನೆಯೊಳಗಿನ ಚಪ್ಪಲಿ

ಹಾಸನ್ನು ಎಲ್ಲ ಕಡೆ ಹಾಕಲಾಗುವುದಿಲ್ಲ, ಕಾಲಿಗೇ ಹಾಕಿದರೆ ಅದು ಹೋದಲ್ಲೆಲ್ಲ ಬರುತ್ತದೆ. ಹಿಮ್ಮಡಿ ನೋವಿನವರಿಗೆ, ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಮನೆಯೊಳಗೂ ಚಪ್ಪಲಿ ಹಾಕಿ ಎನ್ನುತ್ತಾರೆ. ಹಲವು ಮನೆಗಳಲ್ಲಿ ಇದಕ್ಕೆ ವಿರೋಧ. ಬೀದಿಗೆ ಹೋಗದ, ಮನೆಯೊಳಗೆ ಮಾತ್ರ ಬಳಸುವ ಬೇರೆ ಜೋಡಿ ಇಟ್ಟುಕೊಂಡು, ದೇವರ ಕೋಣೆ ಮತ್ತು ಅಡುಗೆಮನೆಯ ಹೊಸ್ತಿಲಲ್ಲಿ ಬಿಟ್ಟರೆ ಮನೆಯ ಶುದ್ಧತೆಗೂ ಕಾಲಿಗೂ ಎರಡಕ್ಕೂ ಆಯಿತು.

ತೆಳ್ಳನೆಯ ಹವಾಯಿ ಚಪ್ಪಲಿ ಸಾಲದು. ಹಿಂದೆ ಪಟ್ಟಿ ಇರುವ, ಅಂಗಾಲಿನ ಗುಳಿಗೆ ಆಧಾರ ಕೊಡುವ ಚಪ್ಪಲಿ ಬೇಕು. ಸಕ್ಕರೆ ಕಾಯಿಲೆಯವರಿಗೆ ಎಂಸಿಆರ್ ಚಪ್ಪಲಿ ಎಂದು ಸಿಗುತ್ತದೆ. ಅದರ ಪಟ್ಟಿ ಎಷ್ಟೋ ಸಲ ಚರ್ಮದ್ದಿರುತ್ತದೆ, ರೆಕ್ಸಿನ್ ಅಥವಾ ಬಟ್ಟೆಯ ಪಟ್ಟಿಯದ್ದೇ ಬೇಕೆಂದು ಕೇಳಬೇಕು. ಚಪ್ಪಲಿಯನ್ನು ಸಂಜೆ ಕೊಳ್ಳಬೇಕು, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಬರುತ್ತದೆ.

ನೆಲದ ಜೊತೆಗೆ ಕಾಲಿಗೂ ಆರೈಕೆ

ಮಂಚದ ಮೇಲೆ ಕಾಲು ನೀಡಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಎಣಿಸಿ ಬಿಡಬೇಕು. ಹೀಗೆ 10 ಸಲ, ದಿನಕ್ಕೆ ಎರಡು ಹೊತ್ತು. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಹೊರೆ ಅದು ಹೊರುತ್ತದೆ. ಹಿಮ್ಮಡಿ ನೋವಿನವರು ಹಾಸಿಗೆಯಿಂದ ಇಳಿಯುವ ಮೊದಲೇ ಪಾದಕ್ಕೆ ಟವೆಲ್ ಸಿಕ್ಕಿಸಿ ತಮ್ಮ ಕಡೆಗೆ ಎಳೆದು ಹಿಡಿಯಬೇಕು. ತೂಕ ಹೆಚ್ಚಿರುವವರು 1 ಕಿಲೋ ಇಳಿಸಿದರೆ, ನಡೆಯುವಾಗ ಪ್ರತಿ ಹೆಜ್ಜೆಗೆ ಮೊಣಕಾಲಿನ ಹೊರೆ ಸುಮಾರು 4 ಕಿಲೋ ಕಡಿಮೆಯಾಗುತ್ತದೆ.

ನೋವಿನ ಗುಳಿಗೆಯನ್ನು ತಾವಾಗಿಯೇ ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ಉಪವಾಸ, ಏಕಾಶನದ ದಿನ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಇನ್ನೂ ಅಪಾಯ. ರಾತ್ರಿ ಅನ್ನ, ನೀರು ಬಿಟ್ಟವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ, ಔಷಧಿಯ ಹೊತ್ತನ್ನು ಅದಕ್ಕೆ ತಕ್ಕಂತೆ ಬರೆದುಕೊಡುತ್ತಾರೆ.

ತಡಮಾಡದೆ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೊಂದರೆ. ಪಾದ ತಣ್ಣಗಾಗಿ ಬಣ್ಣ ಬದಲಾದರೆ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸಣ್ಣ ಗಾಯವಾದರೂ ಆದರೆ. ಬಿದ್ದ ಮೇಲೆ ಕಾಲು ಊರಲಾಗದಿದ್ದರೆ. ನೋವಿನ ಜೊತೆ ಜ್ವರ ಬಂದರೆ. ಕಾಲಿನ ಬಲ ಕುಗ್ಗಿ ಮಲಮೂತ್ರದ ಹಿಡಿತ ತಪ್ಪಿದರೆ, ಮನೆಮದ್ದು ಮಾಡುತ್ತ ಕೂರಬಾರದು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ತುರ್ತಿಗೆ 108ಕ್ಕೆ ಕರೆ ಮಾಡಬೇಕು. ಒಂದೇ ಕಾಲಿನ ಊತದ ಜೊತೆ ಎದೆ ನೋವು, ಉಸಿರುಗಟ್ಟುವಿಕೆ ಕಂಡರೆ ಒಂದು ಕ್ಷಣವೂ ಕಾಯಬಾರದು.

ಊರುಗೋಲು, ವಾಕರ್ ಕೊಳ್ಳಲು ಅನುಕೂಲ ಇಲ್ಲದ 60 ದಾಟಿದ ಬಡ ಹಿರಿಯರಿಗೆ 2017ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಇಂಥ ಸಾಧನಗಳನ್ನು ಉಚಿತವಾಗಿ ಕೊಡುತ್ತಾರೆ. ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಓದು ಬಾರದ ಹಿರಿಯರ ಪರವಾಗಿ ಸಮಾಜದ ಯುವಕರು ಅರ್ಜಿ ತುಂಬಿಕೊಟ್ಟರೆ ಅದೂ ಒಂದು ವೈಯಾವೃತ್ಯವೇ.

ಮೊದಲು ಯಾವುದು

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಮೊದಲ ದಿನ ಖರ್ಚಿಲ್ಲದ ಕೆಲಸ: ಸರಿಯುವ ಹಾಸು ತೆಗೆಯುವುದು, ಒದ್ದೆ ನೆಲ ಒರೆಸುವುದು, ರಾತ್ರಿ ದೀಪ ಇಡುವುದು, ಕೌದಿ ಮಡಿಸಿ ಕೂರುವ ಜಾಗ ಎತ್ತರ ಮಾಡುವುದು. ಮೊದಲ ವಾರದಲ್ಲಿ ಬಚ್ಚಲಿನ ರಬ್ಬರ್ ಹಾಸು ಮತ್ತು ಮನೆಯ ಚಪ್ಪಲಿ. ಆಮೇಲೆ ಅಡುಗೆಮನೆಯ ಹಾಸು, ಬಚ್ಚಲಿನ ಹಿಡಿಕೆ. ಹೊಸ ಮನೆ ಕಟ್ಟುವವರು ಬಚ್ಚಲು ಮತ್ತು ಅಂಗಳಕ್ಕೆ ಒರಟು ಮೈಯ ಟೈಲ್ಸ್ ಆರಿಸಿದರೆ ಮುಂದಿನ ಮೂವತ್ತು ವರ್ಷದ ಚಿಂತೆ ತಪ್ಪುತ್ತದೆ.

ಎಲ್ಲಕ್ಕಿಂತ ಮೊದಲು ಮನೆಯವರು ಒಂದು ದಿನ ಹಿರಿಯರ ಹಿಂದೆಯೇ ಬರಿಗಾಲಲ್ಲಿ ನಡೆದು ನೋಡಬೇಕು. ಅವರು ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ನಿಂತು ಉಸಿರು ಬಿಡುತ್ತಾರೆ, ಯಾವ ಹೊಸ್ತಿಲಲ್ಲಿ ಕಾಲು ಎತ್ತಲು ಯೋಚಿಸುತ್ತಾರೆ ಎಂಬುದು ಆಗ ಕಾಣುತ್ತದೆ. ಹಾಸು, ಹಿಡಿಕೆ, ಕುರ್ಚಿ ಅಲ್ಲಿಗೆ ಹೋಗಬೇಕು. ಮುಂದಿನ ದಶಲಕ್ಷಣ ಪರ್ವದಲ್ಲಿ ಅವರು ಹತ್ತೂ ದಿನ ಬಸದಿಗೆ ಬಂದು ಕುಳಿತರೆ ಮಾಡಿದ ಕೆಲಸ ಸಾರ್ಥಕ.